ಒಂದೇ ಕೋಡ್, ಐದು ಹರಕೆ

ನಮ್ಮ ಮಂಗಳೂರು ಕಡೆ ಈಗ ಬ್ರಹ್ಮಕಲಶೋತ್ಸವಕ್ಕೆ ಹೊರೆಕಾಣಿಕೆ ಎಷ್ಟು ಮುಖ್ಯವೋ ಆ್ಯಪ್ ಕೂಡ ಅಷ್ಟೇ ಮುಖ್ಯ. ಪ್ರಚಾರ ಸಮಿತಿಯವರ ಬೇಡಿಕೆ ಸರಳ: ಆಂಡ್ರಾಯ್ಡ್, ಐಫೋನ್, ವಿಂಡೋಸ್, ಮ್ಯಾಕ್, ವೆಬ್ ಐದರಲ್ಲೂ ಓಡಬೇಕು, ಕೊಟೇಶನ್ ಮಾತ್ರ ಒಂದರದ್ದೇ ಇರಬೇಕು. "ಫ್ಲಟರ್ ಅಂತ ಆ್ಯಪ್ ಕಟ್ಟುವ ಸಲಕರಣೆ ಉಂಟಲ್ಲ ಮಾರಾಯ್ರೆ, ಒಂದೇ ಕೋಡ್ ಬರೆದರೆ ಆಯ್ತಂತೆ!" ಹೌದು, ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದ 1990ರ ದಶಕದಲ್ಲೂ ಇದೇ ಮಂತ್ರ. ಬರೆಯುವುದು ಒಮ್ಮೆಯೇ, ನಿಜ. ಕೈಕೊಡುವುದು ಮಾತ್ರ ಒಂದೊಂದು ಕಡೆ ಒಂದೊಂದು ಕಾರಣಕ್ಕೆ.

ಶುಭಾರಂಭ ಫೋಲ್ಡರಿನಿಂದ. ಪ್ರಾಜೆಕ್ಟನ್ನು 'ಬ್ರಹ್ಮಕಲಶ' ಎಂದು ಕನ್ನಡದಲ್ಲೇ ಹೆಸರಿಟ್ಟ ಫೋಲ್ಡರಿನೊಳಗೆ ಇಟ್ಟರೆ ವಿಂಡೋಸಿನಲ್ಲಿ ಆಂಡ್ರಾಯ್ಡ್ ಬಿಲ್ಡ್, ಅಂದರೆ ಕೋಡನ್ನು ಆ್ಯಪ್ ಆಗಿಸುವ ಕೆಲಸ, ಅಲ್ಲೇ ನಿಲ್ಲುತ್ತದೆ. ಪಾಥ್‌ನಲ್ಲಿ, ಅಂದರೆ ಫೋಲ್ಡರಿನ ವಿಳಾಸದಲ್ಲಿ, ಆಸ್ಕಿ ಎಂಬ ಇಂಗ್ಲಿಷ್ ಅಕ್ಷರಪಟ್ಟಿಗೆ ಸೇರದ ಅಕ್ಷರ ಉಂಟಂತೆ! ಕನ್ನಡದ ಆ್ಯಪ್‌ಗೆ ಕನ್ನಡವೇ ಮೈಲಿಗೆ. ಎಚ್ಚರಿಕೆ ಬಾರದಂತೆ ಮಾಡುವ ಸೆಟ್ಟಿಂಗೂ ಉಂಟು. ಅದರಿಂದ ಎಚ್ಚರಿಕೆಯ ಬಾಯಿ ಮುಚ್ಚುತ್ತದೆ, ತೊಂದರೆ ತೊಲಗುವುದಿಲ್ಲ. ತೆಪ್ಪಗೆ ಇಂಗ್ಲಿಷ್ ಹೆಸರಿಡುವುದೇ ಕ್ಷೇಮ.

ಆಮೇಲೆ ಆಂಡ್ರಾಯ್ಡ್ ಬಿಲ್ಡ್ ನಡೆಸಲು ವಿಂಡೋಸಿನಿಂದ ಹೋದ ಗ್ರೇಡಲ್ ಸ್ಕ್ರಿಪ್ಟು ಲಿನಕ್ಸ್ ಬಿಲ್ಡ್ ಸರ್ವರಿನಲ್ಲಿ ಬವಳಿ ಬಂದು ಬೀಳುತ್ತದೆ. ವಿಂಡೋಸಿನಲ್ಲಿ ಸಾಲಿನ ಕೊನೆಗೆ ಅಂಟಿಕೊಂಡ ಸಿಆರ್ ಎಂಬ ಅಕ್ಷರ ಎಡಿಟರಿನಲ್ಲಿ ಕಾಣುವುದೇ ಇಲ್ಲ. ಕೋಡಿನ ದಾಖಲೆ ಇಡುವ ಗಿಟ್‌ನ ಗಿಟ್‌ಆಟ್ರಿಬ್ಯೂಟ್ಸ್ ಎಂಬ ಸೆಟ್ಟಿಂಗ್ ಫೈಲಿನಲ್ಲಿ ಆ ಸ್ಕ್ರಿಪ್ಟಿಗೆ ಲಿನಕ್ಸ್ ಒಪ್ಪುವ ಸಾಲಿನ ಕೊನೆ, ಎಲ್‌ಎಫ್, ಕಡ್ಡಾಯ ಮಾಡಿ, ಓಡುವ ಅನುಮತಿಯನ್ನೂ ಕೊಟ್ಟೇ ಕಳಿಸಬೇಕು. ದೇವರ ಫೋಟೊದ ಫೈಲಿಗೆ ದೊಡ್ಡಕ್ಷರ, ಕೋಡಿನಲ್ಲಿ ಸಣ್ಣಕ್ಷರ ಹಾಕಿದ್ದರೆ ವಿಂಡೋಸ್ ಹೇಗೋ ಸುಧಾರಿಸಿಕೊಳ್ಳುತ್ತದೆ. ಲಿನಕ್ಸ್ ದೇವರೇ ಇಲ್ಲ ಎನ್ನುತ್ತದೆ.

ಬಟನ್ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಬಿಗಿದಿರುತ್ತಾರೆ. ಹಿರಿಯರು ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿದ ಕೂಡಲೇ ಒತ್ತಕ್ಷರ ಕತ್ತರಿಸಿಹೋಗಿ 'ಅನ್ನಸಂತರ್ಪಣೆ' ಎಂಬುದು 'ಅನಸಂತರ್ಪಣೆ' ಆಗುತ್ತದೆ. ಬಟನ್ ಎತ್ತರ ಕನಿಷ್ಠ 48 ಪಿಕ್ಸೆಲ್ ಎಂದಷ್ಟೇ ಹೇಳಿ, ಮೇಲೆ ಕೆಳಗೆ ಜಾಗ ಬಿಟ್ಟರೆ ಊಟ ಉಳಿಯುತ್ತದೆ. ಆ್ಯಪ್ ಜೊತೆಗೇ ಕನ್ನಡ ಫಾಂಟು ಕಳಿಸದಿದ್ದರೆ ಇದನ್ನು ಐದೂ ಕಡೆ ಬೇರೆ ಬೇರೆಯಾಗಿ ನೋಡಬೇಕು.

ಇನ್ನು ಅಧ್ಯಕ್ಷರ ಐಫೋನ್, ಮಗ ದುಬೈಯಿಂದ ಕಳಿಸಿದ್ದು. ಐಫೋನಿನ ಬಿಲ್ಡ್‌ಗೆ ಆ್ಯಪಲ್‌ನ ಎಕ್ಸ್‌ಕೋಡ್ ಎಂಬ ತಂತ್ರಾಂಶ ಬೇಕು, ಎಕ್ಸ್‌ಕೋಡಿಗೆ ಮ್ಯಾಕೇ ಬೇಕು. ವಿಂಡೋಸ್ ಲ್ಯಾಪ್‌ಟಾಪಿಗೆ ಎಷ್ಟು ಪ್ರದಕ್ಷಿಣೆ ಬಂದರೂ ಒಲಿಯುವುದಿಲ್ಲ. ಗೂಗಲ್ ಪ್ಲೇ ಒಮ್ಮೆ 25 ಡಾಲರ್ ಪಡೆದು ಸುಮ್ಮನಾಗುತ್ತದೆ. ಆ್ಯಪಲ್‌ಗೆ ವರ್ಷ ವರ್ಷ 99. ಕಟ್ಟದಿದ್ದರೆ ಆ್ಯಪ್ ಸ್ಟೋರಿನಿಂದ ಮಾಯ. ಬ್ರಹ್ಮಕಲಶವೋ 12 ವರ್ಷಕ್ಕೊಮ್ಮೆ. ಅಲ್ಲಿಗೆ 1188 ಡಾಲರ್. ಖರ್ಚಿನ ಪಟ್ಟಿಯಲ್ಲಿ ಚಪ್ಪರ, ಚೆಂಡೆ, ಫ್ಲೆಕ್ಸ್ ಎಲ್ಲಕ್ಕೂ ಕಾಲಂ ಉಂಟು. ಇದನ್ನು 'ಹೂವು ಮತ್ತು ಇತರೆ'ಯಲ್ಲಿ ಸೇರಿಸುವುದೆಂದು ಸಮಿತಿಯ ತೀರ್ಮಾನ.