ಪೆಟ್ಟು ತಿನ್ನೋಕೂ ಬರಬೇಕು ಸ್ವಾಮಿ

2025ರ ಜುಲೈನಲ್ಲಿ ಪ್ರೊ ರೆಸ್ಲಿಂಗ್ ತಾರೆ ಹಲ್ಕ್ ಹೋಗನ್ ತೀರಿಕೊಂಡಾಗ ಎಲ್ಲರ ಗೋಡೆ ಮೇಲೂ ಒಂದೇ ಫೋಟೊ. 1987ರ ಮಾರ್ಚ್ 29, ಮಿಷಿಗನ್‌ನ ಪಾಂಟಿಯಾಕ್ ಸಿಲ್ವರ್‌ಡೋಮ್, ರೆಸ್ಲಿಂಗಿನ ವರ್ಷದ ದೊಡ್ಡ ಮೇಳ ರೆಸಲ್‌ಮೇನಿಯಾ 3. ಹೋಗನ್ ಆಂಡ್ರೆ ದ ಜೈಂಟ್‌ನನ್ನು ಎತ್ತಿ ಒಗೆಯುತ್ತಿರುವ ಫೋಟೊ. 'ಏನ್ ತಾಕತ್ತು ಗುರೂ', 'ನಮ್ಮ ಬಾಲ್ಯದ ಹೀರೊ' ಅಂತ ಕೆಳಗೆ ಕಾಮೆಂಟುಗಳ ಸುರಿಮಳೆ. ನಾನೂ ಲೈಕ್ ಒತ್ತಿದೆ. ಆದರೆ ನನ್ನ ಕಣ್ಣು ಹೋಗುವುದು ಯಾವಾಗಲೂ ಆಂಡ್ರೆಯ ಕಡೆಗೇ.

ಯೋಚನೆ ಮಾಡಿ. ಪಂದ್ಯ ನಡೆಸುವ ಕಂಪನಿ (ಆಗ WWF, ಈಗ WWE) ಹೇಳುತ್ತಿದ್ದ ಲೆಕ್ಕದಲ್ಲಿ ಆಂಡ್ರೆ 7 ಅಡಿ 4 ಇಂಚು, 520 ಪೌಂಡ್. ಸುಮಾರು 236 ಕಿಲೊ. ಈ ಲೆಕ್ಕದಲ್ಲಿ ಸ್ವಲ್ಪ ಉಪ್ಪು ಖಾರ ಇದ್ದೀತು, ಇರಲಿ. ಅಷ್ಟು ದೊಡ್ಡ ಆಸಾಮಿ ತಾನಾಗಿ ಒಪ್ಪದಿದ್ದರೆ ಅವನನ್ನು ಯಾವ ಹೋಗನ್ನೂ ಎತ್ತಲು ಆಗುತ್ತಿರಲಿಲ್ಲ. ಅದಕ್ಕಿಂತ ಮುಖ್ಯ ಸಂಗತಿ ಏನೆಂದರೆ, ಆ ಹೊತ್ತಿಗೆ ಆಂಡ್ರೆಯ ಬೆನ್ನು ಪೂರ್ತಿ ಕೆಟ್ಟಿತ್ತು. ಆಪರೇಷನ್ ಆಗಿತ್ತು. ಆ ಕಪ್ಪು ಬಟ್ಟೆಯ ಒಳಗೆ ಬೆನ್ನಿಗೆ ಪಟ್ಟಿ ಕಟ್ಟಿಕೊಂಡು ರಿಂಗಿಗೆ ಬಂದಿದ್ದ. ನಡೆಯುವುದೇ ಕಷ್ಟ ಇದ್ದವನು, ಎತ್ತಿಸಿಕೊಂಡು ಬೆನ್ನ ಮೇಲೆ ಬೀಳಲು ಒಪ್ಪಿದ. ಆ ಫೋಟೊದಲ್ಲಿ ಹೀರೊ ಯಾರು ಅಂತ ನೀವೇ ಹೇಳಿ.

ಇನ್ನೊಂದು ವಿಷಯ. 'ಆಂಡ್ರೆಯನ್ನು ಇದುವರೆಗೆ ಯಾರೂ ಎತ್ತಿರಲಿಲ್ಲ' ಅಂತ ಆವತ್ತು ಕಂಪನಿ ಡಂಗುರ ಹೊಡೆದಿತ್ತು. ಸುಳ್ಳು. 1980ರಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಇದೇ ಹೋಗನ್ ಇದೇ ಆಂಡ್ರೆಯನ್ನು ಎತ್ತಿ ಒಗೆದಿದ್ದ. ಯಾರಿಗೂ ನೆನಪಿರಲಿಲ್ಲ ಅಷ್ಟೆ. ಏಳು ವರ್ಷದ ನಂತರ ಅದನ್ನೇ ಜಗತ್ತು ಬಾಯಿ ಬಿಟ್ಟುಕೊಂಡು ನೋಡುವ ಹಾಗೆ ಮಾಡಿದ್ದು ಆಂಡ್ರೆ. ಪಂದ್ಯದ ಶುರುವಿನಲ್ಲೇ ಹೋಗನ್ ಒಮ್ಮೆ ಎತ್ತಲು ಹೋಗುತ್ತಾನೆ, ಆಗದೆ ಕುಸಿಯುತ್ತಾನೆ. ಆಂಡ್ರೆ ಅವನ ಮೇಲೇ ಬೀಳುತ್ತಾನೆ. ರೆಫರಿ ಮೂರು ಎಣಿಸಿದರೆ ಸೋಲು, ಎಣಿಸಿಯೇಬಿಟ್ಟರೇನೋ ಅನ್ನುವಷ್ಟು ಹತ್ತಿರ ಬರುತ್ತದೆ. ಆಮೇಲೆ ಅವನು ಸುಮ್ನೆ ನಿಂತುಕೊಂಡು, ಅವಸರವಿಲ್ಲದೆ, ಹೋಗನ್‌ನನ್ನು ಅಪ್ಪಿ ಹಿಂಡುತ್ತಾನೆ. ಕುಸ್ತಿಯ ಲೆಕ್ಕದಲ್ಲಿ ಅದು ಬಹಳ ಸಪ್ಪೆ ಪಂದ್ಯ, ನಾನೂ ಒಪ್ಪುತ್ತೇನೆ. ಆದರೂ ಕೊನೆಗೆ ಹೋಗನ್ ಎತ್ತಿದಾಗ ಮೈ ಜುಮ್ ಅನ್ನುತ್ತದೆ. ಅಲ್ಲಿಯವರೆಗೆ 'ಇವನನ್ನು ಎತ್ತೋಕೆ ಆಗಲ್ಲ' ಅಂತ ನಮ್ಮನ್ನು ನಂಬಿಸಿದವನು ಯಾರು?

ನಾನು ಹೇಳಹೊರಟಿದ್ದು ಇಷ್ಟೆ. ಪ್ರೊ ರೆಸ್ಲಿಂಗ್‌ನಲ್ಲಿ ಹೊಡೆಯುವವನಿಗಿಂತ ಹೊಡೆಸಿಕೊಳ್ಳುವವನೇ ದೊಡ್ಡ ಕಲಾವಿದ. ಅಭಿಮಾನಿಗಳು ಇದನ್ನು 'ಸೆಲ್ಲಿಂಗ್' ಅನ್ನುತ್ತಾರೆ. ಪೆಟ್ಟು ಬಿದ್ದಿದೆ, ನೋವಾಗಿದೆ ಅಂತ ಕೊನೇ ಸಾಲಿನಲ್ಲಿ ಕೂತವನಿಗೂ ಮುಟ್ಟಿಸುವ ಕೆಲಸ ಅದು.

'ಅಯ್ಯೋ ಅದೆಲ್ಲಾ ಫೇಕ್ ಅಲ್ವಾ' ಅನ್ನುವವರಿಗೆ ಇಲ್ಲೇ ಉತ್ತರ ಕೊಟ್ಟುಬಿಡುತ್ತೇನೆ. ಹೌದು ಸ್ವಾಮಿ, ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ಜಾತ್ರೆ ಕುಸ್ತಿ ನೋಡಿದವರು 'ಇದು ಕುಸ್ತಿಯೇ ಅಲ್ಲ' ಅನ್ನುವುದೂ ಸರಿಯೇ. ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೂ ಬೆಳಗಿನ ಜಾವದವರೆಗೆ ಕೂತು ಯಕ್ಷಗಾನ ನೋಡುವವರು ನಾವು. ಇದನ್ನೂ ಹಾಗೇ ನೋಡಬೇಕು. ಆದರೆ ಬೀಳುವುದು ಮಾತ್ರ ಫೇಕ್ ಅಲ್ಲ. ರಿಂಗಿನ ಕೆಳಗೆ ಕಬ್ಬಿಣದ ಚೌಕಟ್ಟು, ಅದರ ಮೇಲೆ ಮರದ ಹಲಗೆ, ಅದರ ಮೇಲೆ ತೆಳ್ಳನೆಯ ಫೋಮು, ಮೇಲೊಂದು ಕ್ಯಾನ್ವಾಸು. ಅದರ ಮೇಲೆ ಬೀಳುವಾಗ ಗದ್ದ ಎದೆಗೆ ಒತ್ತಿಕೊಳ್ಳಬೇಕು, ಇಲ್ಲದಿದ್ದರೆ ತಲೆ ಹಿಂದಕ್ಕೆ ಬಡಿಯುತ್ತದೆ. ಇಡೀ ಬೆನ್ನು ಒಂದೇ ಸಲ ನೆಲಕ್ಕೆ ತಾಗಬೇಕು, ಎರಡೂ ಕೈ ಚಾಚಿ ಪಟ್ ಅಂತ ನೆಲಕ್ಕೆ ಬಡಿಯಬೇಕು. ಒಂದು ರಾತ್ರಿಗೆ ಹತ್ತಾರು ಸಲ, ವರ್ಷದಲ್ಲಿ ನೂರಾರು ರಾತ್ರಿ. ಮಾಡಿ ನೋಡೋಣ.

ಈ ಕಲೆಯಲ್ಲಿ ನನ್ನ ಪಾಲಿಗೆ ಒಂದನೇ ನಂಬರು ಮಿಸ್ಟರ್ ಪರ್ಫೆಕ್ಟ್, ಅಂದರೆ ಕರ್ಟ್ ಹೆನ್ನಿಗ್. ನಾವೆಲ್ಲ ಟ್ರಂಪ್ ಕಾರ್ಡು ಆಡಿದವರು ತಾನೆ? ಅದರಲ್ಲಿ ಎತ್ತರ ಇತ್ತು, ತೂಕ ಇತ್ತು, ಎದೆ ಸುತ್ತಳತೆ ಇತ್ತು, ತೋಳಿನ ಅಳತೆಯೂ ಇತ್ತು. ಚೆನ್ನಾಗಿ ಬೀಳುವುದಕ್ಕೆ ಅಂತ ಒಂದು ಕಾಲಂ ಇರಲಿಲ್ಲ. ಇದ್ದಿದ್ದರೆ ಪರ್ಫೆಕ್ಟ್ ಕಾರ್ಡು ಸಿಕ್ಕವನೇ ಆಟ ಗೆಲ್ಲುತ್ತಿದ್ದ. ಅವನ ಕಾಲಿಗೆ ಒಂದು ಒದೆ ಬಿದ್ದರೆ ಗಾಳಿಯಲ್ಲೇ ಒಂದು ಸುತ್ತು ತಿರುಗಿ ಬೀಳುತ್ತಿದ್ದ. ಕೂದಲು ಹಿಡಿದು ಎಸೆದರೆ ರಿಂಗಿನ ಈ ಮೂಲೆಯಿಂದ ಆ ಮೂಲೆಗೆ ಜಾರುತ್ತಿದ್ದ. ಎದುರಿಗೆ ಇದ್ದವನು ಎಷ್ಟೇ ಸಾಧಾರಣದವನಾಗಲಿ, ಪರ್ಫೆಕ್ಟ್ ಕೈಗೆ ಸಿಕ್ಕರೆ ಅವತ್ತು ಮಹಾ ಪೈಲ್ವಾನ್ ಹಾಗೆ ಕಾಣುತ್ತಿದ್ದ.

1991ರ ಸಮ್ಮರ್‌ಸ್ಲ್ಯಾಮ್, ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್. ಎದುರಿಗೆ ಬ್ರೆಟ್ ಹಾರ್ಟ್. ಅಲ್ಲಿಯವರೆಗೆ ಬ್ರೆಟ್ ಜೋಡಿ ಪಂದ್ಯಗಳ ಆಸಾಮಿ. ಪರ್ಫೆಕ್ಟ್‌ಗೆ ಆಗಲೇ ಬೆನ್ನಿಗೆ ದೊಡ್ಡ ಪೆಟ್ಟಾಗಿತ್ತು. ರಿಂಗಿಗೆ ಬರದೇ ಇದ್ದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಬಂದ. ತನ್ನ ಚಾಂಪಿಯನ್ ಬೆಲ್ಟನ್ನು ಬ್ರೆಟ್‌ಗೆ ಸರಿಯಾದ ರೀತಿಯಲ್ಲೇ ಸೋತು ಕೊಡಬೇಕು ಅಂತ ಬಂದ. ಕೊನೆಯ ಭಾಗ ನೋಡಿ. ಬ್ರೆಟ್ ನೆಲದ ಮೇಲೆ ಬಿದ್ದಿದ್ದಾನೆ. ಪರ್ಫೆಕ್ಟ್ ಕಾಲು ಎತ್ತಿ ಅವನ ಕಿಬ್ಬೊಟ್ಟೆ ಕೆಳಗೆ ಹೊಡೆಯುತ್ತಾನೆ. ಎರಡನೇ ಸಲ ಹೊಡೆಯಲು ಹೋದಾಗ ಬ್ರೆಟ್ ಬಿದ್ದಲ್ಲಿಂದಲೇ ಆ ಕಾಲು ಹಿಡಿದು, ತಿರುಚಿ, ಹಾಗೇ ಎದ್ದು ಶಾರ್ಪ್‌ಶೂಟರ್ ಹಾಕುತ್ತಾನೆ. ಶಾರ್ಪ್‌ಶೂಟರ್ ಅಂದರೆ ಬೆನ್ನನ್ನೇ ಹಿಂದಕ್ಕೆ ಬಗ್ಗಿಸುವ ಪಟ್ಟು! ಬೆನ್ನು ಮುರಿದವನಿಗೆ ಅದೇ ಪಟ್ಟು. ಪ್ರೇಕ್ಷಕರ ನಡುವೆ ಬ್ರೆಟ್‌ನ ಅಪ್ಪ ಅಮ್ಮ ಕೂತಿದ್ದರು. ಆ ರಾತ್ರಿ ಬ್ರೆಟ್ ದೊಡ್ಡವನಾದ. ಪರ್ಫೆಕ್ಟ್ ಮತ್ತೆ ರಿಂಗಿನಲ್ಲಿ ಆಡಿದ್ದು 1992ರ ನವೆಂಬರಿನಲ್ಲಿ.

ಇನ್ನು ಎಲ್ಲರೂ ತಲೆ ಮೇಲೆ ಹೊತ್ತು ಮೆರೆಸುವ ರ್‍ಯಾಂಡಿ ಸ್ಯಾವೇಜ್ ಮತ್ತು ರಿಕಿ ಸ್ಟೀಮ್‌ಬೋಟ್ ಪಂದ್ಯ. ಹೋಗನ್-ಆಂಡ್ರೆ ಆಡಿದ ದಿನವೇ ನಡೆದದ್ದು. ಹದಿನಾಲ್ಕೂವರೆ ನಿಮಿಷ, ಒಂದು ಕ್ಷಣ ವ್ಯರ್ಥ ಇಲ್ಲ. ಸ್ಯಾವೇಜ್ ಈ ಪಂದ್ಯದ ಒಂದೊಂದು ಹೆಜ್ಜೆಯನ್ನೂ ಮೊದಲೇ ಬರೆದಿಟ್ಟುಕೊಂಡು, ಪರೀಕ್ಷೆಗೆ ಬಾಯಿಪಾಠ ಮಾಡಿಸಿದ ಹಾಗೆ ಸ್ಟೀಮ್‌ಬೋಟ್‌ಗೆ ಒಪ್ಪಿಸಲು ಹೇಳುತ್ತಿದ್ದನಂತೆ. ಇದೇ ಕಾರಣಕ್ಕೆ 'ಅದು ಬರೀ ಉರು ಹೊಡೆದ ಪಂದ್ಯ' ಅನ್ನುವವರೂ ಇದ್ದಾರೆ. ನಾನು ಒಪ್ಪಲ್ಲ. ಹಿಂದಿನ ನವೆಂಬರಿನಲ್ಲಿ ಸ್ಯಾವೇಜ್ ರಿಂಗಿನ ಗಂಟೆಯಿಂದ ಸ್ಟೀಮ್‌ಬೋಟ್‌ನ ಗಂಟಲು ಜಜ್ಜಿದ್ದು ಕಥೆ. ಪಂದ್ಯದ ಶುರುವಿನಲ್ಲೇ ಸ್ಟೀಮ್‌ಬೋಟ್ ಎರಡೂ ಕೈಯಿಂದ ಸ್ಯಾವೇಜ್‌ನ ಗಂಟಲು ಹಿಡಿದು ಮೇಲಕ್ಕೆ ಎತ್ತುತ್ತಾನೆ. ಒಂದು ಮಾತಿಲ್ಲ, ಭಾಷಣ ಇಲ್ಲ, ಲೆಕ್ಕ ಚುಕ್ತಾ. ಸ್ಯಾವೇಜ್ ಕೂಡ ಸಿಕ್ಕಾಗೆಲ್ಲ ಅದೇ ಗಂಟಲಿಗೆ ಕೈ ಹಾಕುತ್ತಾನೆ, ಆಗ ಸ್ಟೀಮ್‌ಬೋಟ್ ಕುತ್ತಿಗೆ ಹಿಡಿದುಕೊಂಡು ಒದ್ದಾಡುವುದು ನೋಡಿದರೆ ನಮಗೇ ಉಗುಳು ನುಂಗಲು ಕಷ್ಟ. ಉರು ಹೊಡೆದರೆ ಹೆಜ್ಜೆ ಬರಬಹುದು, ಈ ಒದ್ದಾಟ ಬರಲ್ಲ.

ಕೊನೆಯಲ್ಲಿ ಸ್ಟೀಮ್‌ಬೋಟ್ ಕಡೆಯ ಜಾರ್ಜ್ ಸ್ಟೀಲ್ ಬಂದು ಸ್ಯಾವೇಜ್‌ನನ್ನು ಹಗ್ಗದ ಮೇಲಿಂದ ತಳ್ಳುವುದು ಮಾತ್ರ ನನಗೆ ಇವತ್ತಿಗೂ ರುಚಿಸಿಲ್ಲ. ಅಷ್ಟು ಚೆಂದದ ಪಂದ್ಯಕ್ಕೆ ಮೂರನೆಯವನು ಯಾಕೆ ಬೇಕಿತ್ತು?

ಮತ್ತೆ ಹೋಗನ್ ಕಡೆ ಬರುತ್ತೇನೆ, ಬೈಯುವುದು ಸ್ವಲ್ಪ ಬಾಕಿ ಇದೆ. ಅವನ ಪಂದ್ಯದ ಕೊನೆ ನಿಮಗೆಲ್ಲ ಗೊತ್ತು. ಹೊಡೆತ ತಿಂದು ತಿಂದು ಇದ್ದಕ್ಕಿದ್ದಂತೆ ಮೈ ನಡುಗಿಸುತ್ತಾನೆ, ಕಣ್ಣು ಅರಳಿಸುತ್ತಾನೆ. ಆಮೇಲೆ ಬಿದ್ದ ಯಾವ ಏಟೂ ತಾಗಲ್ಲ. ಬೆರಳು ತೋರಿಸುತ್ತಾನೆ, ಗುದ್ದುತ್ತಾನೆ, ಬೂಟು ಕಾಲು ಮುಖಕ್ಕೆ ಕೊಡುತ್ತಾನೆ, ಹಾರಿ ಮೈಮೇಲೆ ಕಾಲು ಬೀಳಿಸುವ ಲೆಗ್ ಡ್ರಾಪ್, ಮುಗೀತು. ಚಿಕ್ಕವರಿದ್ದಾಗ ಕುಣಿದಾಡಿದ್ದೇವೆ, ಸುಳ್ಳಲ್ಲ. ಈಗ ನೋಡಿದರೆ ಎದುರಿಗೆ ಇದ್ದವನು ಇಪ್ಪತ್ತು ನಿಮಿಷ ಕಷ್ಟಪಟ್ಟಿದ್ದೆಲ್ಲ ನೀರಿನಲ್ಲಿ ಹೋಮ. ಅಂಡರ್‌ಟೇಕರ್ ಕೂಡ ಪೆಟ್ಟು ತಾಗದವನೇ, ಬಿದ್ದಲ್ಲಿಂದ ಸಟಕ್ ಅಂತ ಎದ್ದು ಕೂರುತ್ತಿದ್ದ. ಅವನನ್ನು ಯಾಕೆ ಬೈಯಲ್ಲ ಅಂತ ಕೇಳಬಹುದು. ಅದಕ್ಕೆ ಉತ್ತರ ರೆಸಲ್‌ಮೇನಿಯಾ 25ರಲ್ಲಿ ಇದೆ.

2009ರ ಏಪ್ರಿಲ್ 5, ಹ್ಯೂಸ್ಟನ್. ಅಂಡರ್‌ಟೇಕರ್, ಶಾನ್ ಮೈಕಲ್ಸ್. ಹಗ್ಗದ ಮೇಲಿಂದ ಹೊರಗೆ ಹಾರಿದ ಅಂಡರ್‌ಟೇಕರ್, ಹಿಡಿಯಬೇಕಾದವನು ಸರಿಯಾಗಿ ಹಿಡಿಯದೆ, ಹೆಚ್ಚುಕಡಿಮೆ ತಲೆ ಮೇಲೇ ನೆಲಕ್ಕೆ ಬಿದ್ದ. ಆ ದೃಶ್ಯ ಈಗಲೂ ನನಗೆ ನೋಡೋಕಾಗಲ್ಲ. ಆದರೂ ಎದ್ದು ಪಂದ್ಯ ಮುಂದುವರಿಸಿದ. ಆಮೇಲೆ ಟೂಂಬ್‌ಸ್ಟೋನ್ ಹಾಕಿದ. ಆ ಪಟ್ಟು ಬಿದ್ದರೆ ಕಥೆ ಮುಗಿದ ಹಾಗೇ ಲೆಕ್ಕ. ಒಂದು, ಎರಡು... ಶಾನ್ ಭುಜ ಎತ್ತಿಬಿಟ್ಟ. ಆಗ ಕ್ಯಾಮೆರಾ ಅಂಡರ್‌ಟೇಕರ್ ಮುಖಕ್ಕೆ ಹೋಗುತ್ತದೆ. ಬಾಯಿ ತೆರೆದಿದೆ, ಕಣ್ಣು ದೊಡ್ಡದಾಗಿದೆ. 'ಇದು ಹೇಗೆ ಸಾಧ್ಯ' ಅಂತ ಮುಖದ ತುಂಬಾ ಬರೆದಿದೆ. ಹದಿನೆಂಟು ವರ್ಷ ಮುಖದಲ್ಲಿ ಏನನ್ನೂ ತೋರಿಸದೆ ಉಳಿಸಿಟ್ಟಿದ್ದನ್ನು ಆ ಒಂದು ಕ್ಷಣದಲ್ಲಿ ಖರ್ಚು ಮಾಡಿದ. ಹೋಗನ್ ಪ್ರತಿ ವಾರ ಖರ್ಚು ಮಾಡುತ್ತಿದ್ದ. ವ್ಯತ್ಯಾಸ ಅಷ್ಟೆ.

ಮುಂದಿನ ವರ್ಷ ಇಬ್ಬರೂ ಮತ್ತೆ ಆಡಿದರು, ಶಾನ್ ಸೋತರೆ ನಿವೃತ್ತಿ ಅಂತ. ಅದೂ ಚೆನ್ನಾಗಿದೆ, ಆದರೆ ನನ್ನ ಓಟು 2009ಕ್ಕೇ.

ಶಾನ್ ಬಗ್ಗೆ ಒಂದು ತಮಾಷೆ ಹೇಳದಿದ್ದರೆ ಆಗಲ್ಲ. 2005ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಅವನು ಹೋಗನ್‌ಗೆ ಸೋಲಬೇಕಾಯಿತು. ಇಷ್ಟ ಇರಲಿಲ್ಲ ಅಂತ ಕಾಣುತ್ತೆ. ಏನು ಮಾಡಿದ ಗೊತ್ತಾ? ಹೋಗನ್ ಸಣ್ಣಗೆ ತಟ್ಟಿದರೂ ಸಾಕು, ಪಲ್ಟಿ ಹೊಡೆದು, ಉರುಳಿ, ಎದ್ದು, ಮತ್ತೆ ಬಿದ್ದು, ಮೀನಿನ ಹಾಗೆ ಪಟಪಟ ಒದ್ದಾಡಿದ. ಗೆದ್ದವನು ಹೋಗನ್, ನಗೆಪಾಟಲಾದವನೂ ಹೋಗನ್. ಬೀಳುವವನ ಕೈಯಲ್ಲಿ ಎಷ್ಟು ಅಧಿಕಾರ ಇದೆ ಅಂತ ತಿಳಿಯಬೇಕಾದರೆ ಈ ಪಂದ್ಯ ನೋಡಿ. ವೃತ್ತಿಧರ್ಮದ ಲೆಕ್ಕದಲ್ಲಿ ತಪ್ಪು. ಆದರೆ ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ.

'ಅಂಡರ್‌ಟೇಕರ್, ಮ್ಯಾನ್‌ಕೈಂಡ್ ಪಂಜರದ ಪಂದ್ಯ ಎಲ್ಲಿ' ಅಂತ ಯಾರಾದರೂ ಕೇಳೇ ಕೇಳುತ್ತೀರಿ. 1998ರ ಜೂನ್ 28, ಪಿಟ್ಸ್‌ಬರ್ಗ್. ಮ್ಯಾನ್‌ಕೈಂಡ್ ವೇಷದ ಮಿಕ್ ಫೋಲಿ ಪಂಜರದ ತುದಿಯಿಂದ ಟೇಬಲ್ ಮೇಲೆ ಬಿದ್ದ, ಮತ್ತೆ ಹತ್ತಿದ, ಚಾವಣಿ ಕಿತ್ತುಕೊಂಡು ಒಳಗೆ ಬಿದ್ದ, ಹಲ್ಲು ಮುರಿಯಿತು. ಫೋಲಿ ಬಗ್ಗೆ ಗೌರವ ಇದೆ. ಆದರೆ ಅದು ಪೆಟ್ಟು ತಿನ್ನುವ ಕಲೆ ಅಲ್ಲ, ಬರೀ ಪೆಟ್ಟು. ನನ್ನ ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲ.

ಈಗ ನನ್ನ ನಂಬರ್ ಒನ್ ಪಂದ್ಯ. 1997ರ ಮಾರ್ಚ್ 23, ಷಿಕಾಗೊ ಪಕ್ಕದ ರೋಸ್‌ಮಾಂಟ್, ರೆಸಲ್‌ಮೇನಿಯಾ 13. ಬ್ರೆಟ್ ಹಾರ್ಟ್, ಸ್ಟೀವ್ ಆಸ್ಟಿನ್. ಸೋತೆ ಅಂತ ಒಪ್ಪಿಸಬೇಕು, ಅದೇ ನಿಯಮ. ರೆಫರಿ ಕೆನ್ ಶಾಮ್ರಾಕ್. ಬ್ರೆಟ್ ಒಳ್ಳೆಯವನು, ಆಸ್ಟಿನ್ ಕೆಟ್ಟವನು ಅಂತ ಶುರುವಾಯಿತು. ಜನರ ನಡುವೆ ಹೊಡೆದಾಡಿದರು, ಮೆಟ್ಟಿಲ ಮೇಲೆ ಹೊಡೆದಾಡಿದರು. ಬ್ರೆಟ್ ಪದೇ ಪದೇ ಆಸ್ಟಿನ್‌ನ ಮಂಡಿಯನ್ನೇ ಹಿಡಿದು ಕೆಲಸ ಮಾಡಿದ. ಆಮೇಲೆ ಆಸ್ಟಿನ್ ಹಣೆ ಒಡೆದು ರಕ್ತ ಬಂತು. ಆಗ ಕಂಪನಿಯಲ್ಲಿ ರಕ್ತಕ್ಕೆ ಅನುಮತಿ ಇರಲಿಲ್ಲ. ಅದು ಬ್ರೆಟ್‌ನ ಯೋಚನೆ, ಗುಟ್ಟಾಗಿ ಕೊಯ್ದದ್ದೂ ಅವನೇ ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ. ತನ್ನ ಎದುರಾಳಿಯನ್ನು ದೊಡ್ಡವನನ್ನಾಗಿ ಮಾಡಲು!

ಕೊನೆಗೆ ಶಾರ್ಪ್‌ಶೂಟರ್ ಬಿತ್ತು. ಆಸ್ಟಿನ್ ಎರಡೂ ಕೈ ಊರಿ ಮೇಲೇಳಲು ನೋಡುತ್ತಾನೆ. ಹಣೆಯಿಂದ ಇಳಿದ ರಕ್ತ ಮೂಗಿನ ಪಕ್ಕದಿಂದ ಹಲ್ಲಿನ ಸಂದಿಗೆ ಹೋಗಿದೆ. ಕಿರುಚುತ್ತಾನೆ. ಒಂದು ಸಲ ಬ್ರೆಟ್ ಹಿಡಿತ ಸಡಿಲಾಗುತ್ತದೆ, ಇಡೀ ಸಭಾಂಗಣ ಎದ್ದು ನಿಲ್ಲುತ್ತದೆ. ಬ್ರೆಟ್ ಮತ್ತೆ ಬಿಗಿ ಮಾಡುತ್ತಾನೆ. ಆಸ್ಟಿನ್ ಕೊನೆಗೂ ಸೋತೆ ಅನ್ನಲಿಲ್ಲ, ಮೂರ್ಛೆ ಹೋದ. ಶಾಮ್ರಾಕ್ ಪಂದ್ಯ ನಿಲ್ಲಿಸಿದ. ಬ್ರೆಟ್ ಗೆದ್ದ. ಗೆದ್ದ ಮೇಲೂ ಬಿಡದೆ ಆ ಕಾಲಿಗೆ ಹೊಡೆಯುತ್ತಾ ಹೋದ, ಶಾಮ್ರಾಕ್ ಎಳೆದು ಬಿಸಾಕಬೇಕಾಯಿತು. ಜನ ಬ್ರೆಟ್‌ಗೆ ಛೀ ಅಂದರು. ಆಸ್ಟಿನ್ ಸಹಾಯಕ್ಕೆ ಬಂದ ರೆಫರಿಗೂ ತನ್ನ ಸ್ಟನ್ನರ್ ಪಟ್ಟು ಕೊಟ್ಟು ಕುಂಟುತ್ತಾ ತಾನೇ ನಡೆದು ಹೋದ. ಜನ ಅವನ ಹೆಸರು ಕೂಗಿದರು. ಸುಮಾರು ಇಪ್ಪತ್ತು ನಿಮಿಷದಲ್ಲಿ ಹೀರೊ ವಿಲನ್ ಆದ, ವಿಲನ್ ಹೀರೊ ಆದ. ಮುಂದಿನ ಐದಾರು ವರ್ಷ ಈ ವ್ಯಾಪಾರ ನಡೆದದ್ದೇ ಆವತ್ತು ಸೋತ ಮನುಷ್ಯನ ಹೆಸರಿನ ಮೇಲೆ.

ಇದಕ್ಕೆ ಆಸ್ಟಿನ್ ಬೆಲೆಯೂ ತೆತ್ತ. ಅದೇ ವರ್ಷ ಆಗಸ್ಟ್‌ನಲ್ಲಿ ಬ್ರೆಟ್‌ನ ತಮ್ಮ ಓವನ್ ಹಾರ್ಟ್ ಹಾಕಿದ ಪೈಲ್‌ಡ್ರೈವರ್ ಪಟ್ಟು ತಪ್ಪಿ ಆಸ್ಟಿನ್‌ನ ತಲೆ ನೇರವಾಗಿ ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತು ಕೈಕಾಲೇ ಆಡಲಿಲ್ಲ. ಓವನ್ ಜನರನ್ನು ಮಾತಿನಲ್ಲಿ ಎಳೆದು ಸಮಯ ಕೊಟ್ಟ, ಆಸ್ಟಿನ್ ತೆವಳಿ ಬಂದು ಅವನನ್ನು ಉರುಳಿಸಿ ಪಂದ್ಯ ಮುಗಿಸಿದ. ಆ ಕುತ್ತಿಗೆಯೇ ಮುಂದೆ 2003ರಲ್ಲಿ ಅವನ ಆಟ ನಿಲ್ಲಿಸಿತು.

ರಿಕ್ ಫ್ಲೇರ್ ಅಭಿಮಾನಿಗಳು ಈಗಾಗಲೇ ಕೋಲು ಹಿಡಿದು ಬರುತ್ತಿರುತ್ತೀರಿ, ಗೊತ್ತು. 1989ರಲ್ಲಿ ಫ್ಲೇರ್-ಸ್ಟೀಮ್‌ಬೋಟ್ ಆಡಿದ ಮೂರು ಪಂದ್ಯಗಳಿಗೆ ಒಂದು ಪ್ಯಾರಾ ಸಾಲದು, ಬೇರೆಯೇ ಬರೆಯಬೇಕು. ಅಲ್ಲಿಯವರೆಗೆ, ಇದ್ಯಾವುದನ್ನೂ ನೋಡದವರು ಮೊದಲು ಪರ್ಫೆಕ್ಟ್-ಬ್ರೆಟ್ ಪಂದ್ಯದಿಂದ ಶುರು ಮಾಡಿ. ಬ್ರೆಟ್‌ನನ್ನು ನೋಡಬೇಡಿ, ಪರ್ಫೆಕ್ಟ್ ಬೀಳುವುದನ್ನೇ ನೋಡಿ. ಆಮೇಲೆ ಬಂದು ಜಗಳ ಆಡಿ.