ಡ್ರಿಲ್ ಇಲ್ಲದೆ ತುಂಬಿದ ಹಲ್ಲು: ಶಾಲೆಯ ಪಡಸಾಲೆಯಲ್ಲಿ ನಡೆಯುವ ಚಿಕಿತ್ಸೆ ಸಾಕೇ?

ಹುಳುಕು ಹಲ್ಲನ್ನು ಯಂತ್ರದಿಂದ ಕೊರೆಯದೆ, ಕೈ ಉಪಕರಣಗಳಿಂದಲೇ ಕೆರೆದು ಶುಚಿ ಮಾಡಿ, ಗ್ಲಾಸ್ ಅಯೋನೊಮರ್ ಸಿಮೆಂಟ್ ತುಂಬುವ ಪದ್ಧತಿಗೆ ದಂತವೈದ್ಯರು ಎ.ಆರ್.ಟಿ. (ಅಟ್ರಾಮ್ಯಾಟಿಕ್ ರಿಸ್ಟೊರೇಟಿವ್ ಟ್ರೀಟ್‌ಮೆಂಟ್) ಎನ್ನುತ್ತಾರೆ. ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಳ್ಳಿ ಶಾಲೆಗಳಲ್ಲಿ ಇದನ್ನೇ ಮುಖ್ಯ ಚಿಕಿತ್ಸೆಯಾಗಿ ಇಟ್ಟುಕೊಳ್ಳಬಹುದೇ? ಶಿಬಿರಗಳಲ್ಲಿ ದುಡಿಯುವ ದಂತವೈದ್ಯೆಯೊಬ್ಬರೂ ಯಾದಗಿರಿಯಲ್ಲಿ ಕ್ಲಿನಿಕ್ ನಡೆಸುವ ದಂತವೈದ್ಯರೊಬ್ಬರೂ ಇಲ್ಲಿ ತಮ್ಮ ವಾದ ಮಂಡಿಸಿದ್ದಾರೆ.

ಪರ: ಮಗು ಬಾಯಿ ತೆರೆಯುವ ಜಾಗದಲ್ಲೇ ಚಿಕಿತ್ಸೆ ಆಗಲಿ

ಸುರಪುರ ತಾಲ್ಲೂಕಿನ ತಾಂಡಾವೊಂದರ ಶಾಲೆಯಲ್ಲಿ ಎರಡು ಬೆಂಚು ಜೋಡಿಸಿ, ಮೇಲೆ ಜಮಖಾನೆ ಹಾಸಿ, ಮೂರನೇ ತರಗತಿಯ ಹುಡುಗಿಯನ್ನು ಮಲಗಿಸಲು ಹೊರಟಾಗ ಅವಳ ಅಜ್ಜಿ ಅಡ್ಡ ಬಂದು, "ಮಷೀನ್ ಹಚ್ಚಲ್ಲಂದ್ರ ಮಲಗಸ್ತೀನ್ರೀ ಡಾಕ್ಟ್ರೇ, ಮಷೀನ್ ಇದ್ರ ಬ್ಯಾಡ" ಎಂದರು. ಅಂದು ಶಾಲೆಯಲ್ಲಿ ಕರೆಂಟೂ ಇರಲಿಲ್ಲವಾದ್ದರಿಂದ ಅಜ್ಜಿಗೆ ಮಾತು ಕೊಡುವುದು ನನಗೆ ಕಷ್ಟವಾಗಲಿಲ್ಲ. ಕೆಳದವಡೆಯ ಹಲ್ಲಿನ ಕುಳಿಯ ಬಾಯನ್ನು ಸಣ್ಣ ಉಳಿಯಂಥ ಉಪಕರಣದಿಂದ ಸ್ವಲ್ಪ ಅಗಲಿಸಿ, ಚಮಚದಾಕಾರದ ಎಕ್ಸ್‌ಕವೇಟರಿನಿಂದ ಮೆತ್ತಗಾದ ಭಾಗವನ್ನು ಕೆರೆದು ತೆಗೆದೆ. ಸಿಮೆಂಟ್ ಚೆನ್ನಾಗಿ ಅಂಟಲೆಂದು ಹತ್ತಿಯುಂಡೆಯಲ್ಲಿ ಕಂಡಿಷನರ್ ದ್ರಾವಣ ಹಚ್ಚಿ ತೊಳೆದು ಒಣಗಿಸಿ, ಕಲಸಿದ ಸಿಮೆಂಟ್ ತುಂಬಿ, ಕೈಗವಸಿನ ಬೆರಳಿಗೆ ವ್ಯಾಸಲಿನ್ ಸವರಿ ಒತ್ತಿ ಹಿಡಿದೆ. ಇಂಜೆಕ್ಷನ್ ಬೇಕಾಗಲಿಲ್ಲ, ಹುಡುಗಿ ಅಳಲೂ ಇಲ್ಲ. ಒಂದು ಗಂಟೆ ಏನೂ ತಿನ್ನಬೇಡ ಎಂದಾಗ ಮಾತ್ರ ಬಿಸಿಯೂಟದ ಕಡೆ ನೋಡಿ ಮುಖ ಸಣ್ಣದು ಮಾಡಿಕೊಂಡಳು.

ಈ ಪದ್ಧತಿ ಹುಟ್ಟಿದ್ದೂ ಇಂಥದೇ ಪರಿಸ್ಥಿತಿಯಲ್ಲಿ. 1980ರ ದಶಕದ ನಡುವಿನಲ್ಲಿ ಡಚ್ ದಂತವೈದ್ಯ ಯೋ ಫ್ರೆಂಕೆನ್ ಮತ್ತು ಅವರ ಜೊತೆಗಾರರು ಟಾಂಜಾನಿಯಾದಲ್ಲಿ ಇದನ್ನು ಆರಂಭಿಸಿದರು. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಬೆನ್ನಿಗೆ ನಿಂತಿತು. ಗ್ಲಾಸ್ ಅಯೋನೊಮರ್ ಸಿಮೆಂಟ್ ಹಲ್ಲಿಗೆ ರಾಸಾಯನಿಕವಾಗಿಯೇ ಅಂಟಿಕೊಳ್ಳುವುದರಿಂದ ಬೆಳ್ಳಿ ತುಂಬುವಾಗ ಮಾಡುವಂತೆ ಗಟ್ಟಿ ಹಲ್ಲನ್ನು ಕೊರೆದು ಹಿಡಿತ ಮಾಡಿಕೊಳ್ಳಬೇಕಾಗಿಲ್ಲ. 2021ರಲ್ಲಿ ಅದೇ ಸಂಸ್ಥೆ ಈ ಸಿಮೆಂಟನ್ನೂ ಹುಳುಕನ್ನು ತಡೆದು ನಿಲ್ಲಿಸುವ ಸಿಲ್ವರ್ ಡೈಅಮೀನ್ ಫ್ಲೋರೈಡನ್ನೂ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದ್ದರಿಂದ ಇದನ್ನು ಬಡವರ ಪಾಲಿನ ಎರಡನೇ ದರ್ಜೆಯ ಚಿಕಿತ್ಸೆ ಎಂದು ಕರೆಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಹುಳುಕನ್ನು ಕೊನೆಯ ಕಲೆಯವರೆಗೂ ಕೊರೆದು ತೆಗೆಯಬೇಕು ಎಂದು ನಮಗೆ ಕಲಿಸಿದ್ದ ಪಾಠವನ್ನೇ 2016ರ ಅಂತಾರಾಷ್ಟ್ರೀಯ ತಜ್ಞರ ಒಮ್ಮತದ ಹೇಳಿಕೆ ಕೈಬಿಟ್ಟಿದೆ. ಆಳವಾದ ಕುಳಿಯಲ್ಲಿ ನರದ ಹತ್ತಿರದ ಪದರವನ್ನು ಹಾಗೆಯೇ ಉಳಿಸಿ ಮೇಲೆ ಭದ್ರವಾಗಿ ಮುಚ್ಚುವುದೇ ಮೇಲು ಎಂದು ಅದು ಹೇಳುತ್ತದೆ.

ಕೊರೆಯುವುದರಿಂದ ಮಗುವಿಗೆ ಹೆಚ್ಚು ಒಳ್ಳೆಯದಾಗುತ್ತದೆಯೇ ಎಂಬುದನ್ನೂ ಪರೀಕ್ಷಿಸಲಾಗಿದೆ. ಬ್ರಿಟನ್ನಿನಲ್ಲಿ 3ರಿಂದ 7 ವರ್ಷದ 1,144 ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ಕೊರೆದು ತುಂಬುವ ಚಿಕಿತ್ಸೆ, ಇನ್ನೊಂದಕ್ಕೆ ಹುಳುಕನ್ನು ಒಳಗೇ ಮುಚ್ಚಿಬಿಡುವ ಚಿಕಿತ್ಸೆ, ಮತ್ತೊಂದಕ್ಕೆ ಹಲ್ಲುಜ್ಜುವಿಕೆ, ಫ್ಲೋರೈಡ್, ಸಿಹಿಯ ಹತೋಟಿ ಮಾತ್ರ ಎಂದು ಕೊಟ್ಟು ಮೂರು ವರ್ಷಗಳವರೆಗೆ ಗಮನಿಸಿದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ನೋವು, ಕೀವಿನ ಲೆಕ್ಕದಲ್ಲಿ ಗುಂಪುಗಳ ನಡುವೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಡ್ರಿಲ್ಲಿಗೆ ಇಷ್ಟು ಮರ್ಯಾದೆ ಏಕೆ ಎಂದು ಅಂದಿನಿಂದ ನಾನು ಕೇಳುತ್ತಲೇ ಇದ್ದೇನೆ.

ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬಂದು ಹುಳುಕು ಗುರುತಿಸಿ ಚೀಟಿ ಬರೆದುಕೊಡುತ್ತದೆ. ಆದರೆ ಹುಣಸಗಿ ಕಡೆಯ ಕೂಲಿಕಾರ ತಾಯಿ ಆ ಚೀಟಿ ಹಿಡಿದು ಕಲಬುರಗಿಯ ಆಸ್ಪತ್ರೆಗೆ ಬರಬೇಕೆಂದರೆ ಒಂದು ದಿನದ ದಗದ ಬಿಡಬೇಕು, ಬಸ್ಸಿನ ಖರ್ಚು ಹೊಂದಿಸಬೇಕು, ಮರಳಿ ಕರೆದ ದಿನ ಮತ್ತೆ ಬರಬೇಕು. ಹೀಗೆ ಉಳಿದುಹೋದ ಚೀಟಿಗಳನ್ನು ಮಕ್ಕಳ ಪಾಟಿಚೀಲದ ತಳದಲ್ಲಿ ನಾನೇ ಕಂಡಿದ್ದೇನೆ. ಅಂಥ ಮಗುವಿನ ಮುಂದಿರುವ ಆಯ್ಕೆಗಳು ಎ.ಆರ್.ಟಿ. ಮತ್ತು ಕ್ಲಿನಿಕ್ಕಿನಲ್ಲಿ ತುಂಬುವ ಹಲ್ಲಿನ ಬಣ್ಣದ ಕಾಂಪೋಸಿಟ್ ಅಲ್ಲ, ಎ.ಆರ್.ಟಿ. ಮತ್ತು ಎರಡು ವರ್ಷದ ಬಳಿಕ ಹಲ್ಲು ಕೀಳಿಸುವುದು.

ವಿರೋಧ: ತುಂಬಿದ್ದನ್ನು ಎಣಿಸುತ್ತೇವೆ, ಉಳಿದದ್ದನ್ನಲ್ಲ

ಪದ್ಧತಿಯ ಬಗ್ಗೆ ನನಗೆ ತಾತ್ಸಾರವಿಲ್ಲ. ಹಲ್ಲಿನ ಒಂದೇ ಮುಖದಲ್ಲಿ, ಅಂದರೆ ಒಂದೇ ಬದಿಯಲ್ಲಿ, ಇರುವ ಸಣ್ಣ ಕುಳಿಗೆ ನಾನೂ ಅದನ್ನೇ ಮಾಡುತ್ತೇನೆ. ನನ್ನ ತಕರಾರು "ಮುಖ್ಯ ಚಿಕಿತ್ಸೆ" ಎಂಬ ಮಾತಿನ ಮೇಲಿದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಹಾಲುಹಲ್ಲಿನ ಒಂದೇ ಮುಖದ ತುಂಬುವಿಕೆಗಳಲ್ಲಿ 93% ಎರಡು ವರ್ಷ ಬಾಳಿದವು. ಎರಡು ಹಲ್ಲುಗಳ ಸಂದಿಗೆ ಹಬ್ಬಿದ, ಒಂದಕ್ಕಿಂತ ಹೆಚ್ಚು ಮುಖದ ತುಂಬುವಿಕೆಗಳಲ್ಲಿ ಬಾಳಿದ್ದು 62%. ನಮ್ಮ ಮಕ್ಕಳು ನೋವು ಬಂದ ಮೇಲಷ್ಟೇ ಬಾಯಿ ತೆರೆಯುವವರಾದ್ದರಿಂದ ನಾನು ಹೆಚ್ಚಾಗಿ ನೋಡುವುದು ಆ ಎರಡನೆಯ ಬಗೆಯ ಹಲ್ಲುಗಳನ್ನೇ. 15 ಪ್ರಯೋಗಗಳ 3,760 ಜನರ ಮಾಹಿತಿ ಜಾಲಾಡಿದ 2017ರ ಕೊಕ್ರೇನ್ ವಿಮರ್ಶೆಯೂ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿನೋಡುವ ಅಂತಾರಾಷ್ಟ್ರೀಯ ಸಂಸ್ಥೆಯ ವರದಿ), ಹಾಲುಹಲ್ಲಿನಲ್ಲಿ ಇದೇ ಸಿಮೆಂಟನ್ನು ಕೊರೆದು ತುಂಬುವುದಕ್ಕಿಂತ ಎ.ಆರ್.ಟಿ.ಯಲ್ಲಿ ತುಂಬಿದಾಗ ಕಿತ್ತುಹೋಗುವ ಸಂಭವ ಹೆಚ್ಚಿರಬಹುದು ಎಂದೇ ಹೇಳಿತು. ಆ ಪುರಾವೆ ಗಟ್ಟಿಯಲ್ಲ ಎಂದು ವಿಮರ್ಶಕರೇ ಒಪ್ಪಿಕೊಂಡಿದ್ದಾರೆ; ಆದರೆ ದುರ್ಬಲ ಪುರಾವೆಯ ಮೇಲೆ ಜಿಲ್ಲೆಯ ನೀತಿ ಕಟ್ಟುವುದೂ ಅಷ್ಟೇ ಅಪಾಯ.

ಬ್ರಿಟನ್ನಿನ ಪ್ರಯೋಗವನ್ನು ನನ್ನ ಸಹೋದ್ಯೋಗಿ ಅರ್ಧಕ್ಕೇ ನಿಲ್ಲಿಸಿದ್ದಾರೆ. ವ್ಯತ್ಯಾಸವಿರಲಿಲ್ಲ, ನಿಜ; ಆದರೆ ಒಟ್ಟಾರೆ 43% ಮಕ್ಕಳಿಗೆ ನೋವೋ ಕೀವೋ ಬಂದೇ ಬಂತು. ಮತ್ತೆ ಮತ್ತೆ ವೈದ್ಯರ ಬಳಿ ಹೋಗಿಬರುವ ಮಕ್ಕಳ ಗತಿ ಅದಾದರೆ, ಒಂದೇ ದಿನದ ಶಿಬಿರದ ನಂತರ ಯಾರ ಕಣ್ಣಿಗೂ ಬೀಳದ ಮಕ್ಕಳದು ಹೇಗಿದ್ದೀತು? ಇಲ್ಲಿ ಮರುಭೇಟಿ ಎಂಬುದೇ ಕಷ್ಟ. ತೊಗರಿ ರಾಶಿ ಮುಗಿದ ಮೇಲೆ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆ, ಮುಂಬಯಿಗೆ ದುಡಿಯಲು ಹೋಗುತ್ತವೆ, ಮಕ್ಕಳೂ ಹಿಂದೆಯೇ ಹೋಗುತ್ತಾರೆ.

ಸಿಮೆಂಟಿನ ಕೆಲಸ ನೋಡಲು ಸುಲಭ, ಮಾಡಲು ಕಟ್ಟುನಿಟ್ಟು. ನಾವು ಬಳಸುವ ಪುಡಿಗೆ ಸಪಾಟಾಗಿ ಒರೆಸಿದ ಒಂದು ಅಳತೆ ಚಮಚಕ್ಕೆ ಒಂದೇ ಹನಿ ದ್ರಾವಣ. ಬಾಟಲಿಯನ್ನು ನೆಟ್ಟಗೆ ತಲೆಕೆಳಗಾಗಿ ಹಿಡಿಯಬೇಕು, ಗಾಳಿಗುಳ್ಳೆಯಿರುವ ಹನಿಯನ್ನು ಬಳಸದೆ ಚೆಲ್ಲಬೇಕು. ಮಧ್ಯಾಹ್ನದ ಹೊತ್ತಿಗೆ ಪುಡಿ ಮುಗಿಯುತ್ತ ಬಂದು, ಸಾಲಿನಲ್ಲಿ ಇನ್ನೂ ಮಕ್ಕಳಿದ್ದರೆ, ಕಲಸುವ ದಂತವೈದ್ಯ ವಿದ್ಯಾರ್ಥಿಯ ಕೈ ತಾನಾಗಿಯೇ ಎರಡನೇ ಹನಿಗೆ ಹೋಗುತ್ತದೆ. ತೆಳ್ಳಗೆ ಕಲಸಿದ್ದು ಬೇಗ ಸವೆಯುತ್ತದೆ. ಇನ್ನು ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಅದೇ ಸಿಮೆಂಟ್ ಕಲಸುವ ಕಾಗದದ ಮೇಲೆಯೇ ಹೊಳಪು ಕಳೆದುಕೊಂಡು ಬಿಗಿಯತೊಡಗುತ್ತದೆ. ಹೊಳಪು ಹೋದ ಮೇಲೆ ತುಂಬಿದರೆ ಅಂಟು ಹಿಡಿಯುವುದಿಲ್ಲ. ಪ್ರಯೋಗದ ವರದಿಯಲ್ಲಿರುವ ಸಿಮೆಂಟ್ ಇಂಥದ್ದಲ್ಲ.

ಫ್ಲೋರೈಡಿನ ಮಾತಂತೂ ಇಲ್ಲಿನವರೇ ಆಡಬೇಕು. ನಮ್ಮ ಭಾಗದ ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ದಾಟಿದೆ, ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ಸಣ್ಣ ಗುಂಡಿಗಳಿವೆ; ಇದಕ್ಕೆ ಫ್ಲೋರೋಸಿಸ್ ಎನ್ನುತ್ತೇವೆ. ಟಾರ್ಚಿನ ಬೆಳಕಿನಲ್ಲಿ ಅದು ಕಲೆಯೋ ಹುಳುಕೋ ಎಂದು ತಿಳಿಯಲು ಪಳಗಿದ ಕಣ್ಣು ಬೇಕು. ಗಟ್ಟಿಯಾಗಿದ್ದ ಕಂದು ಗುಂಡಿಯನ್ನು ಹುಳುಕೆಂದು ಕೆರೆದು ಸಿಮೆಂಟ್ ಮೆತ್ತಿದ್ದ ಹಲ್ಲನ್ನು ನಾನು ಬಿಚ್ಚಿ ನೋಡಿದ್ದೇನೆ.

ಕಲಬುರಗಿ, ಬೀದರ್‌ಗಳಲ್ಲಿ ದಂತ ಕಾಲೇಜುಗಳಿವೆ. ನಮ್ಮದೇ ಶಾಲೆಗಳಲ್ಲಿ, ಫ್ಲೋರೋಸಿಸ್ ಇರುವ ಹಲ್ಲುಗಳನ್ನೂ ಒಳಗೊಂಡು, ಎ.ಆರ್.ಟಿ.ಯನ್ನು ಒಂದು ಗುಂಪಿಗೂ, ಕುರ್ಚಿ, ಡ್ರಿಲ್, ಜನರೇಟರ್ ಇರುವ ಸಂಚಾರಿ ವಾಹನದ ಚಿಕಿತ್ಸೆಯನ್ನು ಇನ್ನೊಂದು ಗುಂಪಿಗೂ ಚೀಟಿ ಎತ್ತಿ ಹಂಚಿ, ಮೂರು ವರ್ಷ ಹಿಂಬಾಲಿಸುವ ಅಧ್ಯಯನವನ್ನು ಅವು ಕೈಗೊಳ್ಳಬಹುದು. ಅಲ್ಲಿಯವರೆಗೆ ಸಂದಿಗೆ ಹಬ್ಬಿದ ಕುಳಿಗಳನ್ನು ಪಡಸಾಲೆಯಲ್ಲಿ ಮುಚ್ಚಿ "ಚಿಕಿತ್ಸೆ ಪೂರ್ಣ" ಎಂದು ಬರೆಯುವುದು ಬೇಡ. ಕಳೆದ ವರ್ಷ ಶಿಬಿರವೊಂದಕ್ಕೆ ಹೋದಾಗ ರಿಜಿಸ್ಟರಿನಲ್ಲಿ ಹೆಸರು, ತರಗತಿ, ತುಂಬಿದ ಹಲ್ಲು, ಸಹಿ ಎಂಬ ನಾಲ್ಕೇ ಕಾಲಂಗಳಿದ್ದವು. ನಾನು ಪೆನ್ನಿನಿಂದ ಐದನೆಯದೊಂದು ಗೆರೆ ಎಳೆದು "ಆರು ತಿಂಗಳ ನಂತರ" ಎಂದು ಬರೆದೆ. ಪುಸ್ತಕ ಈಗಲೂ ಆ ಶಾಲೆಯ ಅಲಮಾರದಲ್ಲಿದೆ, ಮೊನ್ನೆ ಹೋಗಿ ತೆಗೆಸಿ ನೋಡಿದೆ, ಆ ಕಾಲಂ ಖಾಲಿಯಿತ್ತು.