ಟ್ಯೂಡರ್ ವಾಚನ್ನು ಬಡವರ ರೋಲೆಕ್ಸ್ ಅನ್ನಬೇಡಿ

ನನಗೆ ಹಳೇ ಟ್ಯೂಡರ್ ವಾಚುಗಳ ಹುಚ್ಚು ಅಂತ ಗೊತ್ತಾದ ಕೂಡಲೇ ಜನ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ವಾಚಿನ ಬಗ್ಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳದವರು "ಓ, ಬಡವರ ರೋಲೆಕ್ಸ್ ಅಲ್ವಾ" ಅಂತಾರೆ. ಸ್ವಲ್ಪ ತಿಳಿದವರು "ಬಿಡಿ, ಅದರಲ್ಲಿ ಇರೋದೆಲ್ಲ ರೋಲೆಕ್ಸ್ ಪಾರ್ಟ್ಸೇ" ಅಂತ ನನ್ನ ಬೆನ್ನು ತಟ್ಟುತ್ತಾರೆ. ಮೊದಲನೇ ಮಾತಿಗೆ ನನಗೆ ಅಷ್ಟಾಗಿ ಬೇಜಾರಿಲ್ಲ. ಎರಡನೇದು ಕೇಳಿದರೆ ಮೈ ಉರಿಯುತ್ತದೆ. ಹೊಗಳಿದ್ದೆಲ್ಲ ಅಕ್ಕನನ್ನೇ. ತಂಗಿಗೆ ಸಿಕ್ಕಿದ್ದೇನು?

ಅಕ್ಕ ತಂಗಿ ಅಂತ ಸುಮ್ನೆ ಹೇಳಿದ್ದಲ್ಲ. ಎರಡನ್ನೂ ಹುಟ್ಟಿಸಿದ್ದು ಒಬ್ಬನೇ ಮನುಷ್ಯ, ಹಾನ್ಸ್ ವಿಲ್ಸ್‌ಡಾರ್ಫ್. ಹುಟ್ಟಿದ್ದು ಜರ್ಮನಿಯಲ್ಲಿ, ವ್ಯಾಪಾರ ಶುರು ಮಾಡಿದ್ದು 1905ರಲ್ಲಿ ಲಂಡನ್ನಿನಲ್ಲಿ, ನೆಲೆ ನಿಂತಿದ್ದು ಜಿನೀವಾದಲ್ಲಿ. ರೋಲೆಕ್ಸ್ ಹೆಸರನ್ನು 1908ರಲ್ಲಿ ನೋಂದಾಯಿಸಿದ. 1926ರಲ್ಲಿ ಬೇರೊಂದು ವಾಚ್ ಸಂಸ್ಥೆಯ ಮೂಲಕ "ದಿ ಟ್ಯೂಡರ್" ಅನ್ನೋ ಹೆಸರನ್ನೂ ನೋಂದಣಿ ಮಾಡಿಸಿಟ್ಟ. 1936ರಲ್ಲಿ ಅದನ್ನು ತನ್ನ ಕೈಗೆ ತೆಗೆದುಕೊಂಡ. 1946ರಲ್ಲಿ ಅದಕ್ಕೆ ಅಂತಲೇ ಪ್ರತ್ಯೇಕ ಕಂಪನಿ ಕಟ್ಟಿದ. ಅವನ ಲೆಕ್ಕ ಸರಳವಾಗಿತ್ತು. ರೋಲೆಕ್ಸಿನಷ್ಟೇ ನಂಬಬಹುದಾದ ವಾಚು, ಆದರೆ ಬೆಲೆ ಕಡಿಮೆ. ಅದೇ ಏಜೆಂಟರು, ಅದೇ ಅಂಗಡಿ.

ಕಡಿಮೆ ಬೆಲೆಗೆ ಹೇಗೆ ಕೊಟ್ಟ? ಹೊರಗಿನ ಕವಚ ರೋಲೆಕ್ಸಿನದು, ಅಂದರೆ ನೀರು ನುಗ್ಗದ ಆಯ್ಸ್ಟರ್ ಕೇಸ್. ಕೀ ಕೊಡುವ ಕ್ರೌನ್ ಮೇಲೆ ರೋಲೆಕ್ಸ್ ಕಿರೀಟದ ಗುರುತು. ಹಿಂಬದಿ ಮುಚ್ಚಳದ ಮೇಲೆ ರೋಲೆಕ್ಸಿನವರೇ ಮಾಡಿದ ಕೇಸ್ ಅಂತ ಬರಹ. ಒಳಗಿನ ಮಷೀನ್ ಮಾತ್ರ ಹೊರಗಿನಿಂದ ತಂದದ್ದು, ಫ್ಲೂರಿಯೆ, ಆಮೇಲೆ ಈಟಿಎ ಥರದ ಕಾರ್ಖಾನೆಗಳಿಂದ. ನಮ್ಮ ಕಡೆ ಅಕ್ಕನ ಲಂಗ ತಂಗಿಗೆ ಬರುತ್ತಿತ್ತಲ್ಲ, ಹಾಗೆ. ಅದು ಹಾಕಿಕೊಂಡ ಮಾತ್ರಕ್ಕೆ ತಂಗಿ ಅಕ್ಕನಾಗಲ್ಲ. ಟ್ಯೂಡರ್ ಸಂಗ್ರಹ ಮಾಡುವವರಲ್ಲಿ ಬಹಳ ಜನ ಇಡೀ ವಾಚನ್ನು ಬಿಟ್ಟು ಆ ಕಿರೀಟದ ಗುರುತನ್ನೇ ಭೂತಗನ್ನಡಿ ಹಿಡಿದು ನೋಡುತ್ತಾರೆ. ನನ್ನ ಪ್ರಕಾರ ಟ್ಯೂಡರ್‌ನ ರುಚಿ ಇರೋದು ರೋಲೆಕ್ಸ್ ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದೆ.

1950ರ ದಶಕದ ಜಾಹೀರಾತುಗಳನ್ನೇ ತೆಗೆದುಕೊಳ್ಳಿ. ರೋಲೆಕ್ಸ್ ಅಂದರೆ ಇಂಗ್ಲಿಷ್ ಕಾಲುವೆ ಈಜಿದವರು, ಎವರೆಸ್ಟ್ ಹತ್ತಿದವರು, ದೊಡ್ಡ ದೊಡ್ಡ ಕುಳಗಳು. ಟ್ಯೂಡರ್ ಆಯ್ಸ್ಟರ್ ಪ್ರಿನ್ಸ್ ಅನ್ನು ಅದೇ ಯಜಮಾನ ಯಾರ ಕೈಗೆ ಕಟ್ಟಿಸಿದ ಗೊತ್ತಾ? ರಸ್ತೆ ಅಗೆಯುವ ಡ್ರಿಲ್ ಹಿಡಿದ ಕೂಲಿಯವನ ಕೈಗೆ. 30 ಗಂಟೆ ಆ ಡ್ರಿಲ್ಲಿನ ಅದುರಾಟ ತಿಂದರೂ ವಾಚು ನಡೆಯಿತು ಅನ್ನೋದೇ ಜಾಹೀರಾತು. ಕಲ್ಲು ಕಡಿಯುವವನ ಕೈಗೆ ಕಟ್ಟಿದರು. ಮೋಟರ್‌ಬೈಕಿನಲ್ಲಿ 1000 ಮೈಲಿ ಓಡಿಸಿದರು. ಸಿರಿವಂತಿಕೆ ತೋರಿಸಿ ಮಾರುವ ಧಂದೆಯಲ್ಲಿ ಬೆವರು ತೋರಿಸಿ ಮಾರಿದ್ದು ಸಣ್ಣ ಮಾತಲ್ಲ.

1952ರಲ್ಲಿ ಬ್ರಿಟಿಷರ ಉತ್ತರ ಗ್ರೀನ್‌ಲ್ಯಾಂಡ್ ತಂಡ ಹೊರಟಾಗ ಅವರಿಗೆ 26 ಆಯ್ಸ್ಟರ್ ಪ್ರಿನ್ಸ್ ವಾಚು ಕೊಟ್ಟರು. ಎರಡು ವರ್ಷ ಹಿಮದಲ್ಲಿ ಕೂತು ಮಂಜುಗಡ್ಡೆ ಅಳೆಯುವ ಕೆಲಸ ಅವರದು. ಅದರ ನಡುವೆಯೇ, 1953ರಲ್ಲಿ, ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಮುಟ್ಟಿದರು. ಪೇಪರಿನವರೆಲ್ಲ ಆ ಕಡೆ ತಿರುಗಿದರು. ಜೊತೆಗೆ ರೋಲೆಕ್ಸಿಗೂ ಹೆಸರು ಬಂತು. ಗ್ರೀನ್‌ಲ್ಯಾಂಡಿನಲ್ಲಿ ಚಳಿ ತಿಂದ ವಾಚುಗಳ ಸುದ್ದಿ ಸಂಗ್ರಹಕಾರರಿಗೆ ಮಾತ್ರ ಉಳಿಯಿತು. ಟ್ಯೂಡರ್ ಹಣೆಬರಹ ಇದೇ. ಕೆಲಸ ಇದು ಮಾಡುತ್ತೆ, ಫೋಟೋದಲ್ಲಿ ಅಕ್ಕ ನಿಂತಿರುತ್ತಾಳೆ.

ಆದರೆ ಯಾರೂ ನೋಡದೇ ಇದ್ದದ್ದು ಟ್ಯೂಡರ್‌ಗೆ ಲಾಭವೇ ಆಯಿತು ಅನ್ನೋದು ನನ್ನ ವಾದ. ರೋಲೆಕ್ಸ್ ಒಂದು ಮುಳ್ಳು ಬದಲಾಯಿಸಬೇಕಾದರೂ ಹತ್ತು ಸಲ ಯೋಚನೆ ಮಾಡುವ ಕಂಪನಿ. ಟ್ಯೂಡರ್‌ಗೆ ಆ ಭಾರ ಇರಲಿಲ್ಲ.

ಡೈವಿಂಗ್ ವಾಚುಗಳಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಟ್ಯೂಡರ್‌ನ ಮೊದಲ ಸಬ್‌ಮರೀನರ್ 1954ರದು, ಮಾಡೆಲ್ ನಂಬರ್ 7922, 100 ಮೀಟರ್ ಆಳಕ್ಕೆ. ದೂರದಿಂದ ನೋಡಿದರೆ ರೋಲೆಕ್ಸ್ ಸಬ್‌ಮರೀನರ್ ಥರವೇ ಇತ್ತು. 1956ರಲ್ಲಿ ಫ್ರೆಂಚ್ ನೌಕಾಪಡೆಯವರು ಟೂಲೋನ್‌ನಲ್ಲಿ ಇದನ್ನು ಪರೀಕ್ಷೆ ಮಾಡಿ ಒಪ್ಪಿದರು. ಅಲ್ಲಿಂದ 1980ರ ದಶಕದವರೆಗೂ ಅವರ ಮುಳುಗುಗಾರರ ಕೈಯಲ್ಲಿ ಟ್ಯೂಡರ್. 1969ರಲ್ಲಿ ಬಂತು ನೋಡಿ ಅಸಲಿ ಟ್ಯೂಡರ್ ಮುಖ. ಗಂಟೆ ಮುಳ್ಳಿನ ತುದಿಯಲ್ಲಿ ದಪ್ಪ ಚೌಕ, ಡಯಲ್ ಮೇಲೂ ಚೌಕ ಗುರುತುಗಳು. ಕತ್ತಲ ನೀರಿನಲ್ಲಿ ಯಾವುದು ಗಂಟೆ ಮುಳ್ಳು, ಯಾವುದು ನಿಮಿಷದ್ದು ಅನ್ನೋ ಗೊಂದಲವೇ ಇಲ್ಲ. ಸಂಗ್ರಹಕಾರರು ಇದನ್ನು ಸ್ನೋಫ್ಲೇಕ್ ಅಂತಾರೆ. ನಾಜೂಕಿನ ಡಿಸೈನ್ ಏನಲ್ಲ, ಮೊದಲ ಸಲ ನೋಡಿದಾಗ ಒರಟು ಅನ್ನಿಸುತ್ತೆ. ಆದರೆ ರೋಲೆಕ್ಸಿನಲ್ಲಿ ಇಲ್ಲದ ಮುಖ ಅದು. ಯಾರ ಕೈಯಲ್ಲಿದ್ದರೂ ಬಸ್ಸಿನ ಆ ತುದಿಯಿಂದಲೇ ಗುರುತು ಹಿಡಿಯಬಹುದು.

ಫ್ರೆಂಚ್ ನೌಕಾಪಡೆ ಈ ವಾಚುಗಳನ್ನು ಚೈನ್ ಇಲ್ಲದೇ ತರಿಸಿಕೊಳ್ಳುತ್ತಿತ್ತು. ಕಟ್ಟಿಕೊಳ್ಳೋದು ಬಟ್ಟೆಯ ಬೆಲ್ಟಿನಲ್ಲಿ. ಕೆಲವರು ಪ್ಯಾರಾಚೂಟಿನ ಎಲಾಸ್ಟಿಕ್ ಪಟ್ಟಿಯನ್ನೇ ಹೊಲಿದು ಹಾಕಿಕೊಂಡರು. ಮುಚ್ಚಳದ ಮೇಲೆ ಎಂ.ಎನ್. ಅನ್ನೋ ಎರಡಕ್ಷರ (ಮರೀನ್ ನಾಸಿಯೊನಾಲ್, ಅಂದರೆ ಫ್ರೆಂಚ್ ನೌಕಾಪಡೆ), ಜೊತೆಗೆ ಇಸವಿ. ಈಗ ಅವೇ ಎರಡಕ್ಷರ ಲಕ್ಷಗಟ್ಟಲೆ ಬೆಲೆ ಬಾಳುತ್ತವೆ. ಹಾಗಾಗಿಯೇ ಆ ಅಕ್ಷರಗಳನ್ನು ಹೊಸದಾಗಿ ಕೆತ್ತಿ ಮಾರುವವರೂ ಜಾಸ್ತಿ. ಇದರ ಬಗ್ಗೆ ಆಮೇಲೆ ಹೇಳುತ್ತೇನೆ.

ಕ್ರೋನೋಗ್ರಾಫ್‌ಗಳ ವಿಷಯಕ್ಕೆ ಬಂದರೆ ನನಗೆ ಮಾತು ನಿಲ್ಲಿಸೋದು ಕಷ್ಟ. 1970ರಲ್ಲಿ ಟ್ಯೂಡರ್ ತನ್ನ ಮೊದಲ ಸ್ಟಾಪ್‌ವಾಚ್ ಇರುವ ವಾಚು ಮಾಡಿತು. ಬೂದು ಬಣ್ಣದ ಡಯಲ್, ಐದು ಮೂಲೆಯ ಗುರುತುಗಳು, ಮೇಲೆ ಕಿತ್ತಳೆ ಬಣ್ಣದ ಗೀರುಗಳು. ಮರುವರ್ಷ ಅದರ ಮುಂದಿನದು ಬಂತು. ಡಯಲ್ ನೋಡಿದರೆ ಕ್ಯಾಸಿನೋದಲ್ಲಿ ಜೂಜಾಡುವ ರೂಲೆಟ್ ಚಕ್ರದ ಹಾಗಿದೆ ಅಂತ ಜನ ಅದಕ್ಕೆ ಮಾಂಟೆ ಕಾರ್ಲೋ ಅಂತ ಹೆಸರಿಟ್ಟರು. ಆ ಕಾಲದ ರೋಲೆಕ್ಸ್ ಕ್ರೋನೋಗ್ರಾಫ್ ಡೇಟೋನಾ ಪಕ್ಕ ಇಟ್ಟು ನೋಡಿ. ಡೇಟೋನಾ ಸಭ್ಯಸ್ಥನ ಹಾಗೆ ನಿಂತಿದ್ದರೆ ಇದು ಜಾತ್ರೆಗೆ ಹೊರಟಿದೆ. ನನಗೆ ಜಾತ್ರೆಯೇ ಇಷ್ಟ.

ಇನ್ನೊಂದು ವಿಷಯ ಇದೆ, ಇದನ್ನು ರೋಲೆಕ್ಸ್ ಭಕ್ತರ ಮುಂದೆ ಹೇಳುವಾಗ ನನಗೆ ತುಂಬಾ ಖುಷಿ. 1976ರಲ್ಲಿ ಟ್ಯೂಡರ್ ಆಟೋಮ್ಯಾಟಿಕ್, ಅಂದರೆ ಕೀ ಕೊಡದೇ ಓಡುವ ಕ್ರೋನೋಗ್ರಾಫ್ ತಂದಿತು, ವಾಲ್‌ಜೂ ಕಾರ್ಖಾನೆಯ 7750 ಮಷೀನ್ ಹಾಕಿ. ಡೇಟೋನಾಗೆ ದಿನಾ ಕೀ ಕೊಡೋದು ತಪ್ಪಿದ್ದು 1988ರಲ್ಲಿ. ಹನ್ನೆರಡು ವರ್ಷ ತಂಗಿಯೇ ಮುಂದೆ. "ಟ್ಯೂಡರ್ ಒಳಗೆ ಬೇರೆಯವರ ಮಷೀನ್ ಅಲ್ವಾ" ಅಂತ ಮೂಗು ಮುರಿಯುತ್ತಾರಲ್ಲ, ಅವರಿಗೆ ಇದನ್ನೂ ಹೇಳಿ. 1988ರವರೆಗೆ ಡೇಟೋನಾ ಒಳಗೆ ಇದ್ದದ್ದು ವಾಲ್‌ಜೂ ಮೂಲದ ಮಷೀನ್. ಅದಾದ ಮೇಲೆ 2000ದವರೆಗೆ ಜೆನಿತ್ ಅನ್ನೋ ಇನ್ನೊಂದು ವಾಚ್ ಕಂಪನಿಯ ಮೂಲದ್ದು. ಅಕ್ಕನ ಮನೆಯಲ್ಲೂ ಅಡುಗೆ ಹೊರಗಿನಿಂದಲೇ ಬರುತ್ತಿತ್ತು, ಹೇಳೋರು ಇರಲಿಲ್ಲ ಅಷ್ಟೇ.

ಅಡ್ವೈಸರ್ ಅಂತ ಇನ್ನೊಂದಿದೆ. 1957ರಲ್ಲಿ ಬಂದ ಅಲಾರಂ ವಾಚು. ರೋಲೆಕ್ಸ್ ಕೈಗೆ ಕಟ್ಟುವ ಅಲಾರಂ ವಾಚು ಮಾಡುವ ಗೋಜಿಗೇ ಹೋಗಲಿಲ್ಲ.

ಬೇರೆಯವರ ಮಷೀನ್ ಇರೋದರಿಂದ ನಮ್ಮಂಥವರಿಗೆ ದೊಡ್ಡ ಅನುಕೂಲವೂ ಇದೆ. ಬೆಂಗಳೂರಿನಲ್ಲಿ ನಾನು ಸರ್ವಿಸ್‌ಗೆ ಕೊಡುವ ಹಿರಿಯರೊಬ್ಬರಿದ್ದಾರೆ. ಪೇಟೆಯ ಒಳಗೆ ಒಂದು ಮಂಚದಷ್ಟು ಅಗಲದ ಅಂಗಡಿ, ಕಣ್ಣಿಗೆ ಸಿಕ್ಕಿಸಿದ ಮಸೂರ ತೆಗೆಯೋದೇ ಇಲ್ಲ. ನನ್ನ ಆಯ್ಸ್ಟರ್ ಪ್ರಿನ್ಸ್ ಮುಚ್ಚಳ ಬಿಚ್ಚಿ ನೋಡಿ ಅವರು ಅಂದದ್ದು ಇಷ್ಟು: "ಒಳ್ಳೇದಾಯ್ತು ಸಾರ್, ಇದು ರೋಲೆಕ್ಸ್ ಅಲ್ಲ. ಇದಕ್ಕೆ ಪಾರ್ಟ್ಸ್ ಸಿಗತ್ತೆ." ಹಳೇ ರೋಲೆಕ್ಸ್ ಮಷೀನಿನ ಬಿಡಿಭಾಗ ಕಂಪನಿ ಎಲ್ಲರಿಗೂ ಕೊಡಲ್ಲ. ಈಟಿಎ ಮಷೀನ್ ಹಾಗಲ್ಲ. ನೂರಾರು ಬ್ರಾಂಡುಗಳ ಹೊಟ್ಟೆಯಲ್ಲಿ ಅದೇ ಕೂತಿದೆ. ಅದನ್ನು ಬಿಚ್ಚಿ ಕೈ ಪಳಗಿದವರು ನಮ್ಮೂರುಗಳಲ್ಲಿ ಇನ್ನೂ ಇದ್ದಾರೆ. ಲಾಕರಿನಲ್ಲಿ ಇಟ್ಟು ಪೂಜೆ ಮಾಡುವ ಆಸೆ ನನಗಿಲ್ಲ. ದಿನಾ ಕಟ್ಟಿಕೊಂಡು ಓಡಾಡಬೇಕು, ಕೆಟ್ಟರೆ ರಿಪೇರಿ ಆಗಬೇಕು.

ಈಗ ಕೊಳ್ಳುವವರಿಗೆ ಒಂದೆರಡು ಮಾತು. ಶುರು ಮಾಡೋಕೆ 1950-60ರ ದಶಕದ ಸಾದಾ ಆಯ್ಸ್ಟರ್ ಅಥವಾ ಆಯ್ಸ್ಟರ್ ಪ್ರಿನ್ಸ್ ಸಾಕು. 34 ಮಿಲಿಮೀಟರ್ ಅಗಲ. ಈಗಿನ ಹುಡುಗರಿಗೆ ಸಣ್ಣದು ಅನ್ನಿಸಬಹುದು, ಎಚ್‌ಎಂಟಿ ಕಟ್ಟಿಕೊಂಡು ಬೆಳೆದ ನಮ್ಮ ಮಣಿಕಟ್ಟಿಗೆ ಸರಿಯಾಗಿಯೇ ಇದೆ. ಆ ಕಾಲದ ಡಯಲ್ ಮೇಲೆ ಟ್ಯೂಡರ್ ಗುಲಾಬಿ ಇರುತ್ತದೆ, ಇಂಗ್ಲೆಂಡಿನ ಟ್ಯೂಡರ್ ರಾಜಮನೆತನದ ಗುರುತು. ಗುಲಾಬಿ ದೊಡ್ಡದಿದ್ದರೆ ಬೆಲೆಯೂ ದೊಡ್ಡದು. 1969ರ ಹೊತ್ತಿಗೆ ಗುಲಾಬಿ ಹೋಗಿ ಗುರಾಣಿ ಬಂತು. ಗುರಾಣಿ ಗಟ್ಟಿತನಕ್ಕೆ ಗುರುತು ಅಂತಾರೆ, ಇರಲಿ. ನನ್ನ ಓಟು ಗುಲಾಬಿಗೆ.

ಡಯಲ್ ನೋಡುವಾಗ ಮಾತ್ರ ಕಣ್ಣು ಬಿಟ್ಟು ನೋಡಿ. ಹೊರದೇಶದ ಸಂಗ್ರಹಕಾರರು ಇಂಡಿಯಾದಿಂದ ಬಂದ ಹಳೇ ವಾಚು ಅಂದರೆ ಹಿಂದೆ ಸರಿಯುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ. ನಮ್ಮಲ್ಲಿ ಡಯಲ್ ಹಳತಾಯಿತು ಅಂದರೆ ಹೊಸ ಬಣ್ಣ ಹೊಡೆಸೋದು ರಿಪೇರಿಯ ಭಾಗವೇ ಆಗಿತ್ತು. ಮದುವೆಯಲ್ಲಿ ಬಂದ ವಾಚು, ಚೆನ್ನಾಗಿ ಕಾಣಲಿ ಅಂತ ಮಾಡಿಸುತ್ತಿದ್ದರು, ಮೋಸ ಮಾಡೋಕೆ ಅಲ್ಲ. ಆಮೇಲೆ ಅದೇ ಕೈಚಳಕ ಮಾರಾಟದ ಧಂದೆ ಆಯಿತು. ಅಕ್ಷರ ದಪ್ಪ ಇದ್ದರೆ, ಸಾಲು ಸೊಟ್ಟ ಇದ್ದರೆ, ಟ್ಯೂಡರ್ ಯಾವತ್ತೂ ಮಾಡದ ಗಿಳಿಹಸಿರು ಬಣ್ಣ ಇದ್ದರೆ ಸುಮ್ಮನೆ ವಾಪಸ್ ಕೊಟ್ಟು ಬನ್ನಿ. ಕಂದು ತಿರುಗಿದ, ಅಲ್ಲಲ್ಲಿ ಮಚ್ಚೆ ಬಿದ್ದ ಡಯಲ್ ಅದಕ್ಕಿಂತ ಎಷ್ಟೋ ಮೇಲು. ಎಂ.ಎನ್. ಕೆತ್ತನೆ ಇರುವ ವಾಚಿಗೆ ನೌಕಾಪಡೆಯ ಕಾಗದ ಇಲ್ಲದಿದ್ದರೆ ಆ ಎರಡಕ್ಷರಕ್ಕೆ ಒಂದು ರೂಪಾಯಿಯನ್ನೂ ಜಾಸ್ತಿ ಕೊಡಬೇಡಿ. ಮತ್ತೆ, ತೀರಾ ಹಳೇ ಡಯಲ್‌ಗಳಲ್ಲಿ ಕತ್ತಲಲ್ಲಿ ಹೊಳೆಯಲಿ ಅಂತ ಹಚ್ಚಿದ್ದು ವಿಕಿರಣ ಸೂಸುವ ರೇಡಿಯಂ. ಕೆರೆಯೋಕೆ ಹೋಗಬೇಡಿ.

ಹೊಸ ಟ್ಯೂಡರ್ ಬಗ್ಗೆ ನನಗೆ ಎರಡು ಮನಸ್ಸು. 1990ರ ದಶಕ ಮುಗಿಯುವ ಹೊತ್ತಿಗೆ ಕಂಪನಿ ಸೊರಗಿತ್ತು. ಸಬ್‌ಮರೀನರ್ ನಿಂತು ಹೋಗಿತ್ತು. ಅಮೆರಿಕದ ಮಾರುಕಟ್ಟೆ ಬಿಟ್ಟು ಬಂದವರು ಮತ್ತೆ ಅಲ್ಲಿಗೆ ಹೋದದ್ದು 2013ರಲ್ಲಿ. ಅದಕ್ಕೆ ಒಂದು ವರ್ಷ ಮೊದಲು ಬ್ಲ್ಯಾಕ್ ಬೇ ಅನ್ನೋ ಮಾಡೆಲ್ ಬಂತು, ಹಳೇ ಸಬ್‌ಮರೀನರ್‌ಗಳಿಂದ ಅದೊಂದು ಇದೊಂದು ಆಯ್ದುಕೊಂಡು. 1950ರ ದಶಕದ ದೊಡ್ಡ ಕ್ರೌನ್, 1969ರ ಸ್ನೋಫ್ಲೇಕ್ ಮುಳ್ಳು. ಜನ ಮುಗಿಬಿದ್ದರು. 2015ರಿಂದ ತಮ್ಮದೇ ಮಷೀನ್ ಕೂಡ ಮಾಡಿಕೊಂಡರು. ಈಗ ಕೆನಿಸಿ ಅನ್ನೋ ಅವರ ಮಷೀನ್ ಕಂಪನಿಯಲ್ಲಿ ಫ್ಯಾಷನ್ ಕಂಪನಿ ಶನೆಲ್ ಪಾಲುದಾರ. ಬ್ರೈಟ್ಲಿಂಗ್ ಅನ್ನೋ ವಾಚ್ ಕಂಪನಿ ಅವರ ಹತ್ತಿರ ಮಷೀನ್ ತಗೊಳ್ಳುತ್ತೆ, ತನ್ನ ಕ್ರೋನೋಗ್ರಾಫ್ ಮಷೀನ್ ಅವರಿಗೆ ಕೊಡುತ್ತೆ. ಒಂದು ಕಾಲಕ್ಕೆ ಬೇರೆಯವರ ಮಷೀನ್ ಹಾಕುತ್ತಾರೆ ಅಂತ ಬೈಸಿಕೊಂಡವರು ಈಗ ಬೇರೆಯವರಿಗೆ ಮಷೀನ್ ಕೊಡುತ್ತಿದ್ದಾರೆ. ನನಗೆ ಹೆಮ್ಮೆಯೇ.

ಬೇಜಾರು ಏನಂದರೆ, ಹಳೇದನ್ನು ಬೇಯಿಸಿ ಬೇಯಿಸಿ ಬಡಿಸೋದು ಜಾಸ್ತಿ ಆಯಿತು. ಬ್ಲ್ಯಾಕ್ ಬೇ ಬಣ್ಣ ಬದಲಾಯಿಸಿ, ಅಳತೆ ಬದಲಾಯಿಸಿ ಎಷ್ಟು ಬಂದವು ಅಂತ ಲೆಕ್ಕ ಇಡೋದೇ ಕಷ್ಟ. ಚೈನ್ ಮೇಲೆ ಹಳೇ ಕಾಲದ ರಿವೆಟ್ ಥರ ಕಾಣಲಿ ಅಂತ ಸುಳ್ಳು ರಿವೆಟ್ ಬೇರೆ. ಯಾರನ್ನು ಮೆಚ್ಚಿಸೋಕೆ? ಅದಕ್ಕೇ ನನಗೆ ಟ್ಯೂಡರ್‌ನ ಇನ್ನೊಂದು ಡೈವಿಂಗ್ ವಾಚು ಪೆಲಾಗೋಸ್ ಇಷ್ಟ. ಟೈಟಾನಿಯಂ ಮೈ, 500 ಮೀಟರ್ ಆಳ, ಉಸಿರು ಬಿಗಿ ಹಿಡಿದ ಮುಖ. 2021ರಲ್ಲಿ ಫ್ರೆಂಚ್ ನೌಕಾಪಡೆಯ ಜೊತೆ ಸೇರಿ ಪೆಲಾಗೋಸ್ ಎಫ್‌ಎಕ್ಸ್‌ಡಿ ಮಾಡಿದರು. ಅದರಲ್ಲಿ ಬೆಲ್ಟ್ ಸಿಕ್ಕಿಸುವ ಕಂಬಿಗಳು ಕೇಸಿನ ಭಾಗವೇ, ಬಿಚ್ಚಿ ಬರಲ್ಲ, ಬಟ್ಟೆ ಬೆಲ್ಟ್ ತೂರಿಸಿ ಕಟ್ಟಬೇಕು. ಅಂಗಡಿಯಲ್ಲಿ ಚೆಂದ ಕಾಣಲಿ ಅಂತ ಮಾಡಿದ್ದಲ್ಲ, ನೀರಿನಲ್ಲಿ ಕಳಚಿ ಬೀಳಬಾರದು ಅಂತ ಮಾಡಿದ್ದು.

ಹೊಸದರಲ್ಲಿ ಸಂಗ್ರಹಕ್ಕೆ ಒಂದು ಬೇಕು ಅಂದರೆ 2012ರಿಂದ 2016ರ ನಡುವಿನ ಮೊದಲ ಬ್ಲ್ಯಾಕ್ ಬೇ ಹುಡುಕಿ. ಅದರ ಡಯಲ್ ಮೇಲೆ ಗುಲಾಬಿ ಇತ್ತು, ಒಳಗೆ ಈಟಿಎ ಮಷೀನ್ ಇತ್ತು. ತಮ್ಮದೇ ಮಷೀನ್ ಬಂದ ಮೇಲೆ ಗುಲಾಬಿ ಹೋಗಿ ಗುರಾಣಿ ಕೂತಿತು. ಆಗ "ಈಟಿಎನಾ, ಛೆ" ಅಂದವರೇ ಈಗ ಅದನ್ನು ಹುಡುಕುತ್ತಿದ್ದಾರೆ.

ನನ್ನ ಹತ್ತಿರ ಇಲ್ಲದ್ದು ಅಡ್ವೈಸರ್. ಅಜ್ಜನ ಕಾಲದ್ದು ಯಾರ ಮನೆಯ ಬೀರುವಿನಲ್ಲಾದರೂ ಇದ್ದರೆ ಇನ್‌ಬಾಕ್ಸಿಗೆ ಬನ್ನಿ. ಡಯಲ್ ಕಂದು ತಿರುಗಿದ್ದರೂ ಪರವಾಗಿಲ್ಲ, ಗ್ಲಾಸ್ ಗೀರು ಬಿದ್ದಿದ್ದರೂ ಪರವಾಗಿಲ್ಲ. ಅಲಾರಂ ಮಾತ್ರ ಹೊಡೆಯಬೇಕು. ಕಳಿಸುವ ಮೊದಲು ದಯವಿಟ್ಟು ಡಯಲ್‌ಗೆ ಬಣ್ಣ ಹೊಡೆಸಬೇಡಿ.